ಸ್ವರದ ಹೆಸರು ಹೇಳಲಾಗದವರು ಹಾಡಬಾರದೇ?

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ ಗಣಿತದ ಮೇಷ್ಟರಾಗಿದ್ದು ನಿವೃತ್ತನಾದ ಮೇಲೆ ಕರ್ನಾಟಕ ಸಂಗೀತ ಕಲಿಯಲು ಸೇರಿದವನು. ಆರಂಭದ ಸ್ವರಪಾಠಗಳಾದ ಸರಳೆ, ಜಂಟಿ, ಅಲಂಕಾರಗಳು ಮುಗಿದು ಈಗ ಪಿಳ್ಳಾರಿ ಗೀತೆಗಳ ಪಾಠ ನಡೆಯುತ್ತಿದೆ. ಶನಿವಾರದ ಭಜನೆಯಲ್ಲೂ ದನಿಗೂಡಿಸುತ್ತೇನೆ. ಪಿಯಾನೊ ಕಲಿಯುತ್ತಿರುವ ಮೊಮ್ಮಗಳು ಈಚೆಗೆ ಮೊಬೈಲಿನಲ್ಲಿ ಒಂದು ಪರೀಕ್ಷೆ ಮಾಡಿಸಿದಳು. ಒಂದೊಂದೇ ಸ್ವರ ಕೇಳಿಬರುತ್ತದೆ, ಅದು ಯಾವುದೆಂದು ಹೇಳಬೇಕು. ನನ್ನ ಉತ್ತರಗಳು ಹೆಚ್ಚುಕಡಿಮೆ ಎಲ್ಲವೂ ತಪ್ಪಾಗಿ, ನನಗೆ ‘ಪರ್ಫೆಕ್ಟ್ ಪಿಚ್’ ಇಲ್ಲವೆಂಬ ಫಲಿತಾಂಶ ಬಂತು. ಅಂದಿನಿಂದ ತಂಬೂರಿಯ ಮುಂದೆ ಕೂರಲು ಹಿಂಜರಿಕೆಯಾಗುತ್ತಿದೆ. ಅದಿಲ್ಲದವನು ಈ ವಯಸ್ಸಿನಲ್ಲಿ ಸಂಗೀತ ಕಲಿಯುವುದರಲ್ಲಿ ಅರ್ಥವಿದೆಯೇ? ಅಭ್ಯಾಸದಿಂದ ಅದನ್ನು ಪಡೆಯಬಹುದೇ?
– ಹೆಸರು ಬೇಡ, ದಾವಣಗೆರೆ

ಉತ್ತರ: ದಯವಿಟ್ಟು ಇಂದೇ ತಂಬೂರಿಯ ಮುಂದೆ ಕುಳಿತುಕೊಳ್ಳಿ. ಆ ಪರೀಕ್ಷೆ ಅಳೆದದ್ದು ನೀವು ಕಲಿಯುತ್ತಿರುವ ಸಂಗೀತಕ್ಕೆ ಬೇಕಾದ ಗುಣವನ್ನಲ್ಲ.

ಹೋಲಿಸಿ ನೋಡಲು ಬೇರೆ ಯಾವ ಸ್ವರದ ಆಸರೆಯೂ ಇಲ್ಲದೆ, ಕಿವಿಗೆ ಬಿದ್ದ ಒಂದೇ ಒಂದು ನಾದವನ್ನು ಇಂಥದೇ ಸ್ವರವೆಂದು ಗುರುತಿಸುವ ಶಕ್ತಿಗೆ ಪರ್ಫೆಕ್ಟ್ ಪಿಚ್ ಎನ್ನುತ್ತಾರೆ. ಅದು ಹತ್ತು ಸಾವಿರ ಜನರಲ್ಲಿ ಒಬ್ಬರಿಗೆ ಇರುತ್ತದೆಂಬ ಅಂದಾಜು ಬಹಳ ಕಾಲದಿಂದ ಚಾಲ್ತಿಯಲ್ಲಿದೆ. ಅಂಥವರಲ್ಲಿ ಹೆಚ್ಚಿನವರು ಆರೇಳು ವರ್ಷ ತುಂಬುವ ಮೊದಲೇ ವಾದ್ಯ ಕಲಿಯಲು ಆರಂಭಿಸಿದವರು. ಮನೆತನದ ಪ್ರಭಾವವೂ ಕಾಣುತ್ತದೆ, ಆಡುವ ಭಾಷೆಯ ಪ್ರಭಾವವೂ ಕಾಣುತ್ತದೆ. ಮನೋವಿಜ್ಞಾನಿ ಡಯಾನಾ ಡಾಯ್ಚ್ ಮತ್ತು ಸಂಗಡಿಗರು 2006ರಲ್ಲಿ ಬೀಜಿಂಗ್ ಮತ್ತು ಅಮೆರಿಕದ ರಾಚೆಸ್ಟರ್ ನಗರಗಳ ಸಂಗೀತ ವಿದ್ಯಾರ್ಥಿಗಳನ್ನು ಹೋಲಿಸಿದಾಗ, ದನಿಯ ಏರಿಳಿತದಿಂದಲೇ ಪದದ ಅರ್ಥ ಬದಲಾಗುವ ಮ್ಯಾಂಡರಿನ್ ಭಾಷೆಯನ್ನಾಡುವ ಮಕ್ಕಳಲ್ಲಿ ಈ ಶಕ್ತಿ ಬಹಳ ಹೆಚ್ಚಾಗಿ ಕಂಡುಬಂತು. ವಯಸ್ಕರೂ ತರಬೇತಿಯಿಂದ ತಕ್ಕಮಟ್ಟಿಗೆ ಸ್ವರ ಗುರುತಿಸಲು ಕಲಿಯಬಲ್ಲರೆಂದು ಈಚಿನ ಕೆಲವು ಪ್ರಯೋಗಗಳು ತೋರಿಸಿವೆ. ಆದರೆ ನಿಮ್ಮ ಸಾಧನೆಯ ಸಮಯವನ್ನು ಅದಕ್ಕೆ ಕೊಡುವುದು ಬೇಡವೆಂಬುದು ನನ್ನ ಖಚಿತ ಅಭಿಪ್ರಾಯ.

ಕಾರಣವನ್ನು ಗಣಿತದ ಮೇಷ್ಟರಾದ ನಿಮಗೆ ಲೆಕ್ಕದಲ್ಲೇ ಹೇಳಬಹುದು. ನೀವು ಒಂದು ಮನೆ ಶ್ರುತಿಯಲ್ಲಿ, ಅಂದರೆ ಹಾರ್ಮೋನಿಯಂನ ಮೊದಲ ಬಿಳಿ ಮನೆಯನ್ನು ಷಡ್ಜವಾಗಿಟ್ಟುಕೊಂಡು, ಹಾಡುತ್ತೀರೆಂದು ಇಟ್ಟುಕೊಳ್ಳೋಣ. ಆಗ ನಿಮ್ಮ ಷಡ್ಜ, ಅಂದರೆ ಆಧಾರದ ‘ಸ’, ಸುಮಾರು 131 ಹರ್ಟ್ಸ್‌ನಲ್ಲಿರುತ್ತದೆ. ಪಂಚಮ, ಅಂದರೆ ‘ಪ’, ಅದರ ಒಂದೂವರೆ ಪಟ್ಟು, ಅಂದರೆ ಸುಮಾರು 196. ಭಜನೆಯಲ್ಲಿ ನಿಮ್ಮ ಪಕ್ಕದಲ್ಲಿ ಕೂರುವ ಹೆಣ್ಣುಮಗಳೊಬ್ಬರ ಶ್ರುತಿ ಐದು ಮನೆಯಾಗಿದ್ದರೆ ಅವರ ಷಡ್ಜವೇ ಆ 196. ಅಂದರೆ ನಿಮ್ಮ ಗಂಟಲಿನಲ್ಲಿ ಪಂಚಮವಾಗಿರುವ ನಾದ ಅವರ ಗಂಟಲಿನಲ್ಲಿ ಷಡ್ಜವಾಗಿದೆ. ಆ ನಾದವೊಂದನ್ನೇ ಕೇಳಿಸಿ ಅದು ಯಾವ ಸ್ವರವೆಂದು ಕೇಳಿದರೆ, ಆಧಾರ ಷಡ್ಜ ಯಾವುದೆಂದು ಮರುಪ್ರಶ್ನೆ ಹಾಕದೆ ಯಾವ ದೊಡ್ಡ ವಿದ್ವಾಂಸರೂ ಉತ್ತರ ಹೇಳುವಂತಿಲ್ಲ. ನಮ್ಮಲ್ಲಿ ಸ್ವರವೆಂಬುದು ಷಡ್ಜದೊಂದಿಗಿನ ಅನುಪಾತ, ನಮಗೆ ಬೇಕಾದದ್ದು ಆ ಅನುಪಾತವನ್ನು ಗುರುತಿಸಿ ಅದರ ಮೇಲೆ ನಿಲ್ಲುವ ಶ್ರುತಿಜ್ಞಾನ. ಇದು ಯಾವ ವಯಸ್ಸಿನಲ್ಲೂ ಸಾಧನೆಯಿಂದ ಬೆಳೆಯುತ್ತದೆ. ಅಲಂಕಾರಗಳನ್ನು ಶ್ರುತಿಬದ್ಧವಾಗಿ ಹಾಡದ ಹೊರತು ಒಳ್ಳೆಯ ಗುರುಗಳು ಗೀತೆಗೆ ಕೈಹಾಕುವುದಿಲ್ಲವಾದ್ದರಿಂದ, ನಿಮ್ಮಲ್ಲಿ ಅದು ಆಗಲೇ ಮೊಳೆತಿದೆ ಎಂದು ನಂಬುತ್ತೇನೆ. ಹುಟ್ಟಿನಿಂದಲೇ ಸ್ವರಗಳ ವ್ಯತ್ಯಾಸ ತಿಳಿಯದವರು ಇದ್ದಾರೆ ನಿಜ. ಆದರೆ 2017ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರ ಪ್ರಕಾರ ಅವರು ನೂರಕ್ಕೆ ಒಂದೂವರೆಯಷ್ಟು ಮಾತ್ರ.

ಶ್ರುತಿಜ್ಞಾನವನ್ನು ಹರಿತಗೊಳಿಸುವ ಅಭ್ಯಾಸವೊಂದನ್ನು ಹೇಳುತ್ತೇನೆ. ತಂಬೂರಿಯ ನಡುವಿನ ಎರಡು ತಂತಿಗಳನ್ನು ಒಂದರ ಹಿಂದೊಂದು ಮೀಟಿ, ಎರಡೂ ನುಡಿಯುತ್ತಿರುವಾಗ ಕಿವಿಗೊಡಿ. ಒಂದು 131ರಲ್ಲೂ ಇನ್ನೊಂದು 133ರಲ್ಲೂ ಇದ್ದರೆ ನಾದವು ಸೆಕೆಂಡಿಗೆ ಎರಡು ಬಾರಿ ಉಬ್ಬಿ ಇಳಿಯುತ್ತದೆ. ತಂತಿಗಳನ್ನು ಹೊರುವ ಕುದುರೆಯ ಕೆಳಗಿರುವ ಮಣಿಯನ್ನು ಒಂದಿಷ್ಟೇ ಸರಿಸುತ್ತ ಬಂದರೆ ಆ ಅಲೆ ನಿಧಾನವಾಗಿ, ಕೊನೆಗೆ ಇಲ್ಲವಾಗಿ, ಎರಡೂ ತಂತಿಗಳು ಒಂದೇ ನಾದವಾಗಿ ಕೂಡಿಕೊಳ್ಳುತ್ತವೆ. ಬಳಿಕ ಅಕಾರದಲ್ಲಿ ಷಡ್ಜವನ್ನು ನೀಳವಾಗಿ ಹಿಡಿದು, ನಿಮ್ಮ ದನಿಗೂ ತಂತಿಗೂ ನಡುವೆ ಅದೇ ಅಲೆ ಏಳುತ್ತದೆಯೇ ಎಂದು ಗಮನಿಸಿ. ಪಂಚಮಕ್ಕೂ ಹಾಗೆಯೇ ಮಾಡಿ. ತಂತಿಗೂ ಕುದುರೆಗೂ ನಡುವೆ ಇಡುವ ಜೀವದ ದಾರ ಸರಿಯಾಗಿ ಕೂತಿದ್ದರೆ, ಮಂದ್ರದ ತಂತಿಯನ್ನು ಮೀಟಿದಾಗ ಯಾರೂ ನುಡಿಸದ ಅಂತರ ಗಾಂಧಾರವೂ (‘ಗ’ ಸ್ವರದ ಒಂದು ಬಗೆ) ಅದರೊಳಗಿಂದ ತಾನಾಗಿಯೇ ಕೇಳಿಬರುತ್ತದೆ. ನೀವು ಈಗ ಹಾಡುತ್ತಿರುವ ಪಿಳ್ಳಾರಿ ಗೀತೆಗಳ ಮಲಹರಿ ರಾಗದಲ್ಲಿ ಅವರೋಹಣಕ್ಕೆ ಮಾತ್ರ ಬರುವ ಗಾಂಧಾರ ಅದೇ. ಅದನ್ನು ತಂಬೂರಿಯಲ್ಲಿ ಹುಡುಕಿ ಕೇಳಿಸಿಕೊಂಡು, ಅದರ ಮೇಲೆ ನಿಮ್ಮ ದನಿಯನ್ನು ಇಟ್ಟ ದಿನ ಸಿಗುವ ಸಂತೋಷಕ್ಕೆ ಯಾವ ಪರೀಕ್ಷೆಯ ಅಂಕವೂ ಸಮನಲ್ಲ.

ಇನ್ನೊಂದು ಸಂಗತಿ. ಸ್ವರದ ಹೆಸರು ಹೇಳಲಾಗದವರ ನೆನಪಿನಲ್ಲೂ ನಿಜವಾದ ಶ್ರುತಿ ಅಡಗಿರುತ್ತದೆ. 1994ರಲ್ಲಿ ಮನೋವಿಜ್ಞಾನಿ ಡೇನಿಯಲ್ ಲೆವಿಟಿನ್ ಅವರು ವಿದ್ಯಾರ್ಥಿಗಳಿಗೆ ತಮಗೆ ಇಷ್ಟವಾದ ಎರಡು ಜನಪ್ರಿಯ ಹಾಡುಗಳನ್ನು ನೆನಪಿನಿಂದಲೇ ಹಾಡಲು ಹೇಳಿದಾಗ, ಹತ್ತರಲ್ಲಿ ನಾಲ್ವರು ಕನಿಷ್ಠ ಒಂದನ್ನಾದರೂ ಧ್ವನಿಮುದ್ರಿಕೆಯ ಶ್ರುತಿಯಲ್ಲೇ ಎತ್ತಿಕೊಂಡಿದ್ದರು. ನೀವೂ ಬೆಳಗ್ಗೆ ಶ್ರುತಿ ಹಾಕುವ ಮೊದಲೇ ಷಡ್ಜ ಹಿಡಿದು, ಆಮೇಲೆ ತಂಬೂರಿಯೊಂದಿಗೆ ತಾಳೆ ನೋಡಬಹುದು.

ಈ ವಯಸ್ಸಿನಲ್ಲಿ ಅರ್ಥವಿದೆಯೇ ಎಂಬ ಮಾತು ನನ್ನ ಮನಸ್ಸಿಗೆ ನಾಟಿತು. ಭಜನಾ ಮಂಡಳಿಗಳಲ್ಲೂ, ಊರ ಚಾವಡಿಯಲ್ಲಿ ಕುಮಾರವ್ಯಾಸನನ್ನು ವಾಚಿಸಿದ ಗಮಕಿಗಳಲ್ಲೂ ಬಹುಮಂದಿ ಹಗಲೆಲ್ಲ ಬೇರೆ ಕೆಲಸ ಮಾಡಿ ಸಂಜೆ ಹಾಡಿದವರೇ. ವೇದಿಕೆ ಏರುವ ಆಸೆಯಿಲ್ಲದೆ ಹಾಡುವವರು ಮನೆಮನೆಯಲ್ಲಿ ಇದ್ದುದರಿಂದಲೇ ವೇದಿಕೆಯ ಮೇಲಿನವರಿಗೆ ಕಿವಿಯುಳ್ಳ ಶ್ರೋತೃಗಳು ಸಿಕ್ಕರು. ನೀವು ಆ ಸಾಲಿಗೆ ಸೇರಿದವರು.

ಪ್ರಶ್ನೆ: ನನ್ನ ಆರು ವರ್ಷದ ಮಗ ಕೀಬೋರ್ಡ್ ತರಗತಿಗೆ ಹೋಗುತ್ತಾನೆ. ಕುಕ್ಕರಿನ ಸೀಟಿ, ಬಾಗಿಲಿನ ಗಂಟೆ ಯಾವುದನ್ನು ಕೇಳಿದರೂ ಅದು ಕೀಬೋರ್ಡಿನ ಯಾವ ಮನೆ ಎಂದು ತಟ್ಟನೆ ತೋರಿಸುತ್ತಾನೆ. ಬಂಧುಗಳೆಲ್ಲ ಇವನು ದೊಡ್ಡ ಸಂಗೀತಗಾರನಾಗುತ್ತಾನೆ ಎನ್ನುತ್ತಿದ್ದಾರೆ. ನಾವೇನು ಮಾಡಬೇಕು?
– ಓರ್ವ ತಾಯಿ, ಬೆಂಗಳೂರು

ಉತ್ತರ: ಸಂತೋಷಪಡಿ. ಆದರೆ ಮನೆಗೆ ಬಂದವರ ಮುಂದೆಲ್ಲ ಪ್ರದರ್ಶನ ಮಾಡಿಸಬೇಡಿ. ಈ ಶಕ್ತಿಯೊಂದರಿಂದಲೇ ಯಾರೂ ಸಂಗೀತಗಾರರಾಗುವುದಿಲ್ಲ. ಪಾಶ್ಚಾತ್ಯ ಸಂಗೀತ ರಚನಕಾರರಲ್ಲಿ ಮೊಜಾರ್ಟ್‌ಗೆ ಅದಿತ್ತು, ವ್ಯಾಗ್ನರ್‌ಗೆ ಇರಲಿಲ್ಲವೆನ್ನುತ್ತಾರೆ. ಇಂಥ ಮಕ್ಕಳಿಗೆ ಒಂದು ವಿಶೇಷ ಕಷ್ಟವೂ ಎದುರಾಗಬಹುದು. ಕೀಬೋರ್ಡಿನ ಮೊದಲ ಬಿಳಿ ಮನೆಯೇ ಷಡ್ಜವೆಂದು ಮನಸ್ಸಿನಲ್ಲಿ ಅಚ್ಚಾದ ಮೇಲೆ, ಅದೇ ಹಾಡನ್ನು ಬೇರೆ ಶ್ರುತಿಯಲ್ಲಿ ಕೇಳಿದಾಗ ಎಲ್ಲ ಸ್ವರಗಳೂ ತಪ್ಪಿದಂತೆ ಅವರಿಗೆ ತೋರುತ್ತದೆ. ಆದ್ದರಿಂದ ಈಗಿನಿಂದಲೇ ಅವನಿಂದ ಬಾಯಿಪಾಠವನ್ನೂ ಮಾಡಿಸಿ. ಅದೇ ಸರಳೆ ವರಸೆಯನ್ನು ಒಂದು ದಿನ ನಾಲ್ಕು ಮನೆಯಲ್ಲಿ, ಇನ್ನೊಂದು ದಿನ ಐದು ಮನೆಯಲ್ಲಿ, ಹಿಂದೆ ತಂಬೂರಿ ಇಟ್ಟುಕೊಂಡು ಹಾಡಲಿ. ಬೇಸರಪಟ್ಟರೆ ಅಲ್ಲಿಗೇ ನಿಲ್ಲಿಸಿ, ಆಡಲು ಕಳುಹಿಸಿ.

ಪ್ರಶ್ನೆ: ನಮ್ಮ ಅಜ್ಜನ ಹಾರ್ಮೋನಿಯಂ ಮತ್ತು ಮೊಬೈಲಿನ ತಂಬೂರಿ ಒಂದಕ್ಕೊಂದು ಕೂಡುತ್ತಿಲ್ಲ. ತಪ್ಪು ಯಾವುದರದು?
– ಹೆಸರು ಬೇಡ, ಧಾರವಾಡ

ಉತ್ತರ: ಹಳೆಯ ಹಾರ್ಮೋನಿಯಂಗಳನ್ನು ಪಾಶ್ಚಾತ್ಯರ ‘ಎ’ ಸ್ವರಕ್ಕೆ ಇಂದು ಇಟ್ಟಿರುವ 440 ಹರ್ಟ್ಸ್ ಅಳತೆಗೇ ಕೂಡಿಸಿರಬೇಕೆಂದಿಲ್ಲ. ಧೂಳು, ತೇವಗಳಿಂದಲೂ ರೀಡುಗಳು ಬದಲಾಗುತ್ತವೆ. ಬಹುತೇಕ ಆ್ಯಪ್‌ಗಳಲ್ಲಿ ಶ್ರುತಿಯನ್ನು ಸೆಂಟ್ ಲೆಕ್ಕದಲ್ಲಿ (ಒಂದು ಸೆಂಟ್ ಎಂದರೆ ಪಕ್ಕಪಕ್ಕದ ಕಪ್ಪು, ಬಿಳಿ ಮನೆಗಳ ಅಂತರದ ನೂರನೇ ಒಂದು ಪಾಲು) ಹೊಂದಿಸುವ ಅವಕಾಶವಿರುತ್ತದೆ. ಅಜ್ಜನ ಪೆಟ್ಟಿಗೆಯ ಷಡ್ಜಕ್ಕೆ ತಂಬೂರಿಯನ್ನು ಕೂಡಿಸಿಕೊಳ್ಳಿ, ರೀಡುಗಳನ್ನು ನೀವೇ ಕೆರೆಯಲು ಹೋಗಬೇಡಿ. ಷಡ್ಜ ಕೂಡಿದ ಮೇಲೂ ಗಾಂಧಾರ ತುಸು ಬೇರೆಯಾಗಿ ಕೇಳಿದರೆ ಅದು ಸಹಜ. ಸಮಪಾಲು ಮಾಡಿದ ಸ್ವರಗಳಿಗೆ ಕೂಡಿಸಿದ ಪೆಟ್ಟಿಗೆಯಲ್ಲಿ ಅದು ತಂಬೂರಿಯ ಗಾಂಧಾರಕ್ಕಿಂತ ಸುಮಾರು 14 ಸೆಂಟ್ ಮೇಲಿರುತ್ತದೆ. 1940ರಲ್ಲಿ ಆಕಾಶವಾಣಿ ಹಾರ್ಮೋನಿಯಂ ಮೇಲೆ ಹೇರಿ, 1971ರಲ್ಲಿ ಸಡಿಲಿಸಿದ ನಿಷೇಧದ ಹಿಂದೆ ಈ ಬಗೆಯ ಆಕ್ಷೇಪಗಳೂ ಇದ್ದವು. ಹಾಡುವಾಗ ಹಾರ್ಮೋನಿಯಂನಲ್ಲಿ ಷಡ್ಜ, ಪಂಚಮಗಳನ್ನು ಮಾತ್ರ ಹಿಡಿದಿಟ್ಟು ಉಳಿದ ಸ್ವರಗಳನ್ನು ದನಿಗೇ ಬಿಟ್ಟರೆ ಕಿವಿಗೆ ಹಿತವಾಗಿರುತ್ತದೆ.