ಹ್ಯಾಂಗರ್ ಕಟ್ಟೆ: ಆರು ಬಗೆಯ ಯುದ್ಧವಿಮಾನ ಸಾಕುವ ಕಷ್ಟ

(ವಾಯುಪಡೆಯ ನಿವೃತ್ತ ಎಂಜಿನ್ ತಂತ್ರಜ್ಞರೊಬ್ಬರು ಓದುಗರ ಪ್ರಶ್ನೆಗಳಿಗೆ ಉತ್ತರಿಸುವ ಅಂಕಣ. ಅಂಬಾಲಾದಲ್ಲಿ ಜಾಗ್ವಾರ್, ಬೀದರಿನಲ್ಲಿ ಹಾಕ್ ವಿಮಾನಗಳ ನಿರ್ವಹಣೆಯಲ್ಲಿ ಇವರು ದುಡಿದಿದ್ದಾರೆ.)

ಪ್ರ: ನಾನು ಸಾರಿಗೆ ನಿಗಮದ ಡಿಪೋದಲ್ಲಿ ಮೆಕ್ಯಾನಿಕ್. ಎರಡು ಕಂಪನಿಗಳ ಬಸ್ಸುಗಳಿಗೆ ಬಿಡಿಭಾಗ ಹೊಂದಿಸುವಷ್ಟರಲ್ಲೇ ನಮಗೆ ಸಾಕುಬೇಕಾಗುತ್ತದೆ. ವಾಯುಪಡೆಯಲ್ಲಿ ಆರು ಬಗೆಯ ಯುದ್ಧವಿಮಾನಗಳಿವೆಯಂತೆ. ಹೀಗೇಕೆ ಆರಿಸಿಕೊಂಡರು? — ಓದುಗರು, ಹಾಸನ

ಉ: ಆರಿಸಿಕೊಂಡದ್ದಲ್ಲ ಸ್ವಾಮಿ, ಆಯಾ ಕಾಲದ ತುರ್ತಿಗೆ ಒಂದೊಂದಾಗಿ ಬಂದು ಸೇರಿದವು. ಜಾಗ್ವಾರ್ 1979ರಲ್ಲಿ ಬಂತು. ಪಾಕಿಸ್ತಾನದ ಕೈಗೆ ಎಫ್-16 ಸಿಕ್ಕಿದಾಗ ನಾವು ಫ್ರಾನ್ಸಿನ ಬಾಗಿಲು ತಟ್ಟಿ ಮಿರಾಜ್ 2000 ತಂದೆವು. ಅದು 1985ರಲ್ಲಿ ಗ್ವಾಲಿಯರ್‌ಗೆ ಇಳಿಯಿತು. ಅದರ ಬೆನ್ನಿಗೇ ಮಾಸ್ಕೋದಿಂದ ಮಿಗ್-29. ಸೋವಿಯತ್ ಒಕ್ಕೂಟ ಒಡೆದ ಮೇಲೆ, 1996ರಲ್ಲಿ ಸುಖೋಯ್-30ಕ್ಕೆ ಸಹಿ ಬಿತ್ತು. ನಮ್ಮದೇ ತೇಜಸ್ ಯೋಜನೆ 1983ರಲ್ಲಿ ಆರಂಭವಾಗಿ, 2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲ ಸಲ ಹಾರಿ, ಸ್ಕ್ವಾಡ್ರನ್ (ಯುದ್ಧವಿಮಾನಗಳ ತುಕಡಿ) ಆಗುವ ಹೊತ್ತಿಗೆ 2016 ಆಗಿತ್ತು.

ಬಗೆಗಳನ್ನು ಕಡಿಮೆ ಮಾಡುವ ಅವಕಾಶ ಒಮ್ಮೆ ಬಂದಿತ್ತು. 2007ರಲ್ಲಿ 126 ವಿಮಾನಗಳಿಗೆ ಟೆಂಡರ್ ಕರೆದರು. ಆರು ಕಂಪನಿಗಳು ತಮ್ಮ ವಿಮಾನಗಳನ್ನು ಬೆಂಗಳೂರಿನಲ್ಲಿ, ಜೈಸಲ್ಮೇರಿನ ಸೆಕೆಯಲ್ಲಿ, ಲೇಹ್‌ನ ತೆಳುಗಾಳಿಯಲ್ಲಿ ಹಾರಿಸಿ ತೋರಿಸಿದವು. 2012ರಲ್ಲಿ ರಫೇಲ್ ಮುಂದೆ ಬಂತು. ಆದರೆ ಚೌಕಾಸಿ ಮುಗಿಯಲೇ ಇಲ್ಲ. ಕೊನೆಗೆ 2016ರಲ್ಲಿ ಕೊಂಡದ್ದು 36 ಮಾತ್ರ. ಅಂಬಾಲಾಕ್ಕೆ ಒಂದು ಸ್ಕ್ವಾಡ್ರನ್, ಹಾಸಿಮಾರಾಕ್ಕೆ ಒಂದು. 126 ಬಂದಿದ್ದರೆ ಇಲ್ಲೇ ಕಾರ್ಖಾನೆ, ಇಲ್ಲೇ ಓವರ್‌ಹಾಲ್ ಎನ್ನಬಹುದಿತ್ತು. 36ಕ್ಕೆ ಆ ಖರ್ಚು ಗಿಟ್ಟುವುದಿಲ್ಲ. ಆದರೆ ಸಿಮ್ಯುಲೇಟರ್, ಪರೀಕ್ಷಾ ಉಪಕರಣ, ತರಬೇತಿ, ಉಗ್ರಾಣ ಎಲ್ಲವೂ ಪ್ರತ್ಯೇಕವಾಗಿಯೇ ಬೇಕು. ನನ್ನ ಲೆಕ್ಕದಲ್ಲಿ ನಮ್ಮ ನಿಜವಾದ ನಷ್ಟ ಅಲ್ಲೇ ಆಯಿತು. ಟಿವಿ ಚರ್ಚೆಗಳಲ್ಲಿ ಒಂದು ವಿಮಾನಕ್ಕೆ ಎಷ್ಟು ಕೋಟಿ ಎಂದು ಕಿರುಚಾಡಿದರೇ ಹೊರತು ಈ ಮಾತನ್ನು ಯಾರೂ ಎತ್ತಲಿಲ್ಲ.

ನೆಲದ ಮೇಲೆ ಇದು ಹೇಗಿರುತ್ತದೆ ಎಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಆದರೂ ಉಳಿದ ಓದುಗರಿಗಾಗಿ ಹೇಳುತ್ತೇನೆ. ರಷ್ಯದ ವಿಮಾನಗಳಲ್ಲಿ ನಟ್ಟು ಬೋಲ್ಟುಗಳೆಲ್ಲ ಮಿಲಿಮೀಟರ್, ಅಮೆರಿಕದವುಗಳಲ್ಲಿ ಇಂಚು. ಪ್ರತಿ ಸ್ಪ್ಯಾನರಿಗೂ ಹಲಗೆಯ ಮೇಲೆ ಅದರದೇ ಆಕಾರದ ನೆರಳು ಬರೆದಿರುತ್ತದೆ. ಸಂಜೆ ಒಂದು ಸ್ಪ್ಯಾನರ್ ಆ ನೆರಳಿಗೆ ಮರಳದಿದ್ದರೆ ಅದು ಸಿಗುವ ತನಕ ವಿಮಾನ ಹಾರುವಂತಿಲ್ಲ. ಎಂಜಿನ್ನಿನ ಗಾಳಿಗಂಡಿಯಲ್ಲಿ ಅದು ಕುಳಿತಿದ್ದರೆ ಗತಿಯೇನು? ಒಂದು ಬಗೆಯ ವಿಮಾನ ಹೆಚ್ಚಾಯಿತೆಂದರೆ ಇಂಥ ಹಲಗೆ, ಎತ್ತುವ ಜ್ಯಾಕು, ಎಳೆಯುವ ದಂಡ, ಕೈಪಿಡಿಯ ಕಪಾಟು, ಅದನ್ನು ಓದಿ ಸಹಿ ಹಾಕಲು ಅರ್ಹತೆ ಪಡೆದ ಮನುಷ್ಯ ಎಲ್ಲವೂ ಹೊಸದಾಗಿ ಬೇಕು. ಮಿರಾಜ್‌ನಲ್ಲಿ ಪಳಗಿದವನನ್ನು ನಾಳೆ ಬೆಳಿಗ್ಗೆ ಸುಖೋಯ್ ಕೆಳಗೆ ನಿಲ್ಲಿಸಿದರೆ ಅವನು ಮತ್ತೆ ವಿದ್ಯಾರ್ಥಿಯೇ.

ಪ್ರ: ಬೇರೆಲ್ಲ ದೇಶಗಳು ಕೈಬಿಟ್ಟ ಜಾಗ್ವಾರನ್ನು ನಾವು ಹೇಗೆ ಹಾರಿಸುತ್ತಿದ್ದೇವೆ? — ಓದುಗರು, ಕುಮಟಾ

ಉ: ಹರಸಾಹಸ ಮಾಡಿ. ಫ್ರಾನ್ಸ್ 2005ರಲ್ಲಿ, ಬ್ರಿಟನ್ 2007ರಲ್ಲಿ, ಒಮಾನ್ 2014ರಲ್ಲಿ ಅದನ್ನು ನಿಲ್ಲಿಸಿದವು. ಈಗ ಜಗತ್ತಿನಲ್ಲಿ ಅದನ್ನು ಬಳಸುವವರು ನಾವೊಬ್ಬರೇ. ಆ ದೇಶಗಳು ಮೂಲೆಗೆ ತಳ್ಳಿದ ವಿಮಾನಗಳನ್ನು ತಂದು, ಬಿಚ್ಚಿ, ಬೇಕಾದ ಭಾಗ ತೆಗೆದುಕೊಂಡಿದ್ದೇವೆ. ಇದನ್ನು ಕೇಳಿ ಮೂಗು ಮುರಿಯುವವರಿದ್ದಾರೆ. ಭಾಗ ತಯಾರಿಸುವ ಕಂಪನಿಯೇ ಆ ಸಾಲು ಮುಚ್ಚಿದ ಮೇಲೆ ಇನ್ನೇನು ಮಾಡುತ್ತೀರಿ? ನಾವೂ ಹ್ಯಾಂಗರಿನಲ್ಲಿ ಬಿಡಿಭಾಗಕ್ಕೆ ಕಾಯುತ್ತಾ ಕುಳಿತ ಒಂದು ವಿಮಾನದಿಂದ ಪಂಪು ಬಿಚ್ಚಿ, ಮರುದಿನ ಹಾರಬೇಕಾದ ಇನ್ನೊಂದಕ್ಕೆ ಹಾಕಿದವರೇ. ಒಂದು ಕೆಲಸಕ್ಕೆ ಎರಡು ಸಲ ಬಿಚ್ಚುವುದು, ಎರಡು ಸಲ ಜೋಡಿಸುವುದು, ನಾಲ್ಕು ಸಲ ಕಾಗದ ತುಂಬುವುದು.

ಇಲ್ಲಿ ಒಂದು ಸೊಗಸಾದ ಸಂಗತಿಯೂ ಇದೆ. ಜಾಗ್ವಾರಿನ ಎಂಜಿನ್ ಹೆಸರು ಅಡೋರ್. ನಾನು ಬೀದರಿಗೆ ಬಂದಾಗ ಹಾಕ್ ತರಬೇತಿ ವಿಮಾನದ ಹೊಟ್ಟೆಯಲ್ಲಿ ಕಂಡದ್ದೂ ಅಡೋರೇ! ಜಾಗ್ವಾರಿನಲ್ಲಿ ಎರಡು, ಹಿಂದೆ ಬೆಂಕಿ ಉಗುಳುವ ಆಫ್ಟರ್‌ಬರ್ನರ್ ಸಮೇತ. ಹಾಕ್‌ನಲ್ಲಿ ಒಂದೇ, ಅದಕ್ಕೆ ಆ ಬಾಲವಿಲ್ಲ. ಎಲ್ಲ ಭಾಗವೂ ಅದಲುಬದಲಾಗುವುದಿಲ್ಲ, ಮಾದರಿ ಬೇರೆ. ಆದರೂ ಆ ಎಂಜಿನ್ನಿನ ಸ್ವಭಾವ ಬಲ್ಲವನಿಗೆ ಹೊಸದನ್ನು ಕಲಿಯಲು ಎಷ್ಟು ಹೊತ್ತು? ಬೆಂಗಳೂರಿನ ಎಚ್‌ಎಎಲ್ ಎಂಜಿನ್ ವಿಭಾಗಕ್ಕೂ ಎರಡರ ಕೆಲಸ ಒಂದೇ ಸೂರಿನಡಿ. ವಿಮಾನಗಳ ನಡುವಿನ ಸಮಾನತೆ ಎಂದರೆ ಎಲ್ಲರೂ ವಿಮಾನದ ಒಡಲನ್ನು, ರೆಕ್ಕೆಯನ್ನು ನೋಡುತ್ತಾರೆ. ನನ್ನನ್ನು ಕೇಳಿದರೆ ಮೊದಲು ನೋಡಬೇಕಾದದ್ದು ಎಂಜಿನ್ನನ್ನು.

ಪ್ರ: ಒಂದೇ ಏರ್‌ಫ್ರೇಮ್ (ವಿಮಾನದ ಒಡಲು) ತೆಗೆದುಕೊಂಡು ಅದರಿಂದಲೇ ಹಲವು ಕೆಲಸ ಮಾಡಿಸಬಹುದಲ್ಲವೇ? — ಎಂಜಿನಿಯರಿಂಗ್ ವಿದ್ಯಾರ್ಥಿನಿ, ತುಮಕೂರು

ಉ: ಸಾಗಣೆ, ಕಣ್ಗಾವಲಿನ ವಿಮಾನಗಳಲ್ಲಿ ಧಾರಾಳವಾಗಿ ಮಾಡಿಸಬಹುದು, ಮಾಡಿಸುತ್ತಲೂ ಇದ್ದೇವೆ ತಂಗಿ. ಇಲ್ಯೂಶಿನ್-76 ಸಾಮಾನು ಹೊರುತ್ತದೆ. ಅದೇ ಒಡಲಿನ ಇಲ್ಯೂಶಿನ್-78 ಆಕಾಶದಲ್ಲಿ ಬೇರೆ ವಿಮಾನಗಳಿಗೆ ಇಂಧನ ತುಂಬುತ್ತದೆ. ಅದೇ ಒಡಲಿನ ಬೆನ್ನ ಮೇಲೆ ದೊಡ್ಡ ರೇಡಾರ್ ತಟ್ಟೆ ಹೊತ್ತದ್ದು ಎ-50, ಅಂದರೆ ದೂರದ ಶತ್ರು ವಿಮಾನಗಳನ್ನು ಆಕಾಶದಿಂದಲೇ ಪತ್ತೆಹಚ್ಚುವ ನಮ್ಮ ಅವಾಕ್ಸ್. ಆದರೆ ಎ-50ಗೆ ಹಾಕಿರುವುದು ಪಿಎಸ್-90 ಎಂಬ ಹೊಸ ಎಂಜಿನ್, ಉಳಿದೆರಡಕ್ಕೆ ಹಳೆಯ ಡಿ-30. ಒಡಲು ಒಂದೇ ಆದರೂ ಎಂಜಿನ್ ಉಗ್ರಾಣ ಎರಡು. ಕೊಳ್ಳುವಾಗ ಈ ಸಾಲನ್ನು ಯಾರಾದರೂ ಕೆಂಪು ಶಾಯಿಯಲ್ಲಿ ಗೆರೆ ಹಾಕಿ ಓದಬೇಕಿತ್ತು.

ಹಳೆಯ ಆವ್ರೋ ಸಾಗಣೆ ವಿಮಾನದ ಬದಲಿಗೆ ಬರುತ್ತಿರುವ ಸಿ-295 ನನಗೆ ಹೆಚ್ಚು ಹಿಡಿಸಿದ ಆಯ್ಕೆ. 2021ರ ಒಪ್ಪಂದದಲ್ಲಿ 56 ವಿಮಾನ: 16 ಸ್ಪೇನಿನಲ್ಲಿ ತಯಾರಾಗಿ ಬಂದಿವೆ, 40 ವಡೋದರದಲ್ಲಿ ತಯಾರಾಗಬೇಕು. ಅದೇ ಒಡಲಿಗೆ ಕಡಲ ಕಾವಲಿನ ಉಪಕರಣ ತೊಡಿಸಿ ನೌಕಾಪಡೆಗೂ ಕರಾವಳಿ ಕಾವಲು ಪಡೆಗೂ ಕೊಡುವ ಯೋಜನೆಯಿದೆ.

ನಿಮ್ಮ ಜಿಲ್ಲೆಯ ಹತ್ತಿರದ ಉದಾಹರಣೆ ಬೇಕೆಂದರೆ ಹೆಲಿಕಾಪ್ಟರ್ ನೋಡಿ. ಧ್ರುವ್‌ನ ಈಚಿನ ಮಾದರಿ, ಅದರ ಸಶಸ್ತ್ರ ರೂಪ ರುದ್ರ, ದಾಳಿಯ ಪ್ರಚಂಡ್ ಮೂರರಲ್ಲೂ ಶಕ್ತಿ ಎಂಜಿನ್. ಗುಬ್ಬಿ ತಾಲ್ಲೂಕಿನ ಎಚ್‌ಎಎಲ್ ಕಾರ್ಖಾನೆಗೆ ಮೀಸಲಾದ ಹಗುರ ಹೆಲಿಕಾಪ್ಟರಿನಲ್ಲೂ ಅದೇ ಕುಟುಂಬದ ಒಂಟಿ ಎಂಜಿನ್. ಕೇಳಲು ಚೆನ್ನ. ಈಗ ಇನ್ನೊಂದು ಮುಖ ನೋಡಿ. 2025ರ ಜನವರಿ 5ರಂದು ಪೋರಬಂದರಿನಲ್ಲಿ ಕರಾವಳಿ ಕಾವಲು ಪಡೆಯ ಒಂದು ಧ್ರುವ್ ಬಿದ್ದು ಮೂವರು ತೀರಿಕೊಂಡರು. ತಲೆಯ ಮೇಲಿನ ರೆಕ್ಕೆಗಳ ಕೋನ ಬದಲಿಸುವ ಸ್ವಾಶ್‌ಪ್ಲೇಟ್‌ನಲ್ಲಿ ಬಿರುಕು ಕಂಡಿತು. ಕೂಡಲೇ ಎಲ್ಲ ಪಡೆಗಳ ಸುಮಾರು 330 ಧ್ರುವ್‌ಗಳು ನೆಲ ಹಿಡಿದವು, ತಿಂಗಳುಗಟ್ಟಲೆ. ಆ ಫೆಬ್ರವರಿ ಯಲಹಂಕದ ಏರೋ ಇಂಡಿಯಾದಲ್ಲಿ ಧ್ರುವ್‌ಗಳಲ್ಲಿ ಕಸರತ್ತು ತೋರಿಸುವ ಸಾರಂಗ್ ತಂಡ ಕಾಣದಿದ್ದುದಕ್ಕೂ ಅದೇ ಕಾರಣ. ಗಡಿಯ ಎತ್ತರದ ಠಾಣೆಗೆ ಅಕ್ಕಿ ಒಯ್ಯುವುದೂ ಗಾಯಾಳುವನ್ನು ತರುವುದೂ ಒಂದೇ ಬಗೆಯ ಯಂತ್ರವಾಗಿದ್ದರೆ ಒಂದು ಬಿರುಕಿಗೆ ಎರಡೂ ನಿಲ್ಲುತ್ತವೆ.

ಪ್ರ: ಹಾಗಾದರೆ ಎಲ್ಲವನ್ನೂ ಕಿತ್ತುಹಾಕಿ ತೇಜಸ್ ಒಂದನ್ನೇ ಇಟ್ಟುಕೊಂಡರೆ? — ಓದುಗರು, ಚಳ್ಳಕೆರೆ

ಉ: ನಿಮ್ಮ ಅಭಿಮಾನ ದೊಡ್ಡದು. ಆದರೆ ಎರಡೂವರೆ ಟನ್ನಿನ ಬ್ರಹ್ಮೋಸ್ ಕ್ಷಿಪಣಿ ಹೊರಲು ಸುಖೋಯ್‌ನಂಥ ಭಾರಿ ವಿಮಾನವೇ ಬೇಕು. ಇನ್ನು 2021ರಲ್ಲಿ 83, 2025ರ ಸೆಪ್ಟೆಂಬರಿನಲ್ಲಿ 97, ಒಟ್ಟು 180 ತೇಜಸ್ ಮಾರ್ಕ್-1ಎಗೆ ಆರ್ಡರ್ ಹೋಗಿದೆ. ಎಂಜಿನ್ ಮಾತ್ರ ಅಮೆರಿಕದ ಜಿಇ ಕಂಪನಿಯ ಎಫ್-404. ಅದು ತಡವಾದದ್ದರಿಂದ ಬೆಂಗಳೂರಿನಲ್ಲಿ ಸಿದ್ಧವಾದ ಒಡಲುಗಳು ಎಂಜಿನ್‌ಗಾಗಿ ಕಾದು ನಿಂತವು. ಇರುವುದೆಲ್ಲವೂ ತೇಜಸ್ಸೇ ಆಗಿದ್ದರೆ ಇಡೀ ವಾಯುಪಡೆಯೇ ಹಾಗೆ ಕಾಯಬೇಕಾಗಿತ್ತು. ಆರು ಬಗೆ ಅತಿಯಾಯಿತು, ಒಂದು ಅಪಾಯ. ಭಾರಿ, ಮಧ್ಯಮ, ಹಗುರ ಎಂದು ಮೂರು ಬಗೆ, ಒಂದೊಂದೂ ದೊಡ್ಡ ಸಂಖ್ಯೆಯಲ್ಲಿ. ನನ್ನ ಮತ ಇಷ್ಟೇ.

ಪ್ರ: ಮಿಗ್-21 ಹೋದ ಮೇಲೆ ಎಷ್ಟು ಸ್ಕ್ವಾಡ್ರನ್ ಉಳಿದವು? — ಓದುಗರು, ವಿಜಯಪುರ

ಉ: ಇರಬೇಕಾದದ್ದು 42. ಚಂಡೀಗಢದಲ್ಲಿ 2025ರ ಸೆಪ್ಟೆಂಬರ್ 26ರಂದು ಮಿಗ್-21ನ್ನು ಬೀಳ್ಕೊಟ್ಟ ದಿನ ಉಳಿದದ್ದು 29.

ಪ್ರ: ಮಗ ಡಿಪ್ಲೊಮಾ ಮುಗಿಸಿದ್ದಾನೆ. ವಾಯುಪಡೆಗೆ ಸೇರಿದರೆ ಯಾವ ವಿಮಾನದ ಕೆಲಸ ಕೇಳಿ ಪಡೆಯಬೇಕು? — ಓದುಗರು, ಬಾಗಲಕೋಟೆ

ಉ: ಅಲ್ಲಿ ಕೇಳಿ ಪಡೆಯುವ ಪದ್ಧತಿಯೇ ಇಲ್ಲ ಯಜಮಾನರೇ, ಕೊಟ್ಟದ್ದನ್ನು ಕಲಿಯುವುದು. ಸದ್ಯಕ್ಕೆ ಇಂಗ್ಲಿಷ್ ಕೈಪಿಡಿಯನ್ನು ಒಂದು ಸಾಲೂ ಬಿಡದೆ ಓದುವ ಅಭ್ಯಾಸ ಮಾಡಿಸಿ. ಟಾರ್ಕ್ ರೆಂಚ್ ಹಿಡಿಯುವುದನ್ನು ಅವರೇ ಕಲಿಸುತ್ತಾರೆ.