ಮೀಟರಿನಲ್ಲಿ 12 ವೋಲ್ಟ್ ಇದ್ದರೂ ಟ್ರೇಲರ್ ಬ್ಯಾಟರಿ ತುಂಬದಿದ್ದರೆ

ಮಿತ್ರರೇ, ನಿಮ್ಮ ಪ್ರಶ್ನೆಯನ್ನೂ ಅದರ ಕೆಳಗೆ ಬಂದಿರುವ ಸಲಹೆಗಳನ್ನೂ ಪೂರ್ತಿ ಓದಿದೆ. 2004ರ ಷೆವ್ರೊಲೆ ಸಿಲ್ವೆರಾಡೊ ಪಿಕಪ್ ಟ್ರಕ್, ಅದರ ಹಿಂದೆ ಕ್ಯಾಂಪಿಗೆ ಎಳೆದೊಯ್ಯುವ 22 ಅಡಿಯ ಟ್ರೇಲರ್. ಷಿಕಾಗೊದಿಂದ ಹೊರಟು ಕ್ಯಾಂಪ್ ತಲುಪುವಷ್ಟರಲ್ಲಿ ಟ್ರೇಲರಿನ ಬ್ಯಾಟರಿ ಖಾಲಿಯಾಗಿರುತ್ತದೆ. ಟ್ರಕ್ಕಿಗೂ ಟ್ರೇಲರಿಗೂ ನಡುವಿನ ಪ್ಲಗ್ಗಿನಲ್ಲಿ, ದಾರಿಯುದ್ದಕ್ಕೂ ಟ್ರೇಲರಿನ ಬ್ಯಾಟರಿಯನ್ನು ತುಂಬಬೇಕಾದ ಆಕ್ಸಿಲರಿ ಪಿನ್ನಿಗೆ ಮೀಟರ್ ಹಿಡಿದಾಗ 12.4 ಬಂದದ್ದರಿಂದ ಟ್ರಕ್ಕಿನಲ್ಲಿ ದೋಷವಿಲ್ಲವೆಂದು ತೀರ್ಮಾನಿಸಿ, ಬ್ಯಾಟರಿ ಬದಲಿಸಿ, ಈಗ ಕನ್ವರ್ಟರ್ ತರಿಸಲು ಹೊರಟಿದ್ದೀರಿ. ದಯವಿಟ್ಟು ಆ ಆರ್ಡರನ್ನು ರದ್ದು ಮಾಡಿ. ಕನ್ವರ್ಟರ್ ಇರುವುದು ಕ್ಯಾಂಪಿನ 120 ವೋಲ್ಟ್ ಕರೆಂಟನ್ನು 12ಕ್ಕೆ ಇಳಿಸುವುದಕ್ಕೆ. ಗಾಡಿ ರಸ್ತೆಯಲ್ಲಿರುವಾಗ ಅದಕ್ಕೆ ಕೆಲಸವೇ ಇಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಗುತ್ತದೆ. ಇದೇ ದಾರಿಯಲ್ಲಿ ಒಂದೊಂದೇ ಭಾಗ ಬದಲಿಸುತ್ತ ಹೋಗಿ, ಕೊನೆಗೆ ಒಂದು ಬೋಲ್ಟ್ ಉಜ್ಜಿ ಸರಿಪಡಿಸಿಕೊಂಡವರನ್ನು ಈ ಗುಂಪಿನಲ್ಲಿಯೇ ಬಲ್ಲೆ.

ಮೊದಲ ವಿಷಯ, ನೀವು ಅಳೆದದ್ದು ಟ್ರಕ್ಕಿನ ಸಾಕೆಟ್ಟನ್ನೋ ಟ್ರೇಲರಿನ ಪ್ಲಗ್ಗನ್ನೋ ಎಂಬುದನ್ನು ಬರೆದಿಲ್ಲ. ಟ್ರೇಲರಿನ ಪ್ಲಗ್ಗಿಗೆ ಮೀಟರ್ ಹಿಡಿದಿದ್ದರೆ ಆ 12.4 ನಿಮ್ಮ ಟ್ರೇಲರ್ ಬ್ಯಾಟರಿಯದ್ದೇ ಆಗಿರುತ್ತದೆ, ಏಕೆಂದರೆ ಆ ತಂತಿ ನೇರವಾಗಿ ಅಲ್ಲಿಗೇ ಹೋಗುತ್ತದೆ. ಟ್ರಕ್ಕಿನ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಪ್ಲಗ್ ಕಿತ್ತು ಟ್ರಕ್ಕಿನ ಸಾಕೆಟ್ಟನ್ನು ಎದುರಿನಿಂದ ನೋಡಿದರೆ, ಮುಚ್ಚಳ ಮೇಲಿರುವಾಗ, ಗಡಿಯಾರದ 1 ಗಂಟೆಯ ಜಾಗದಲ್ಲಿ ಆಕ್ಸಿಲರಿಯ 12 ವೋಲ್ಟ್, 7 ಗಂಟೆಯ ಜಾಗದಲ್ಲಿ ಗ್ರೌಂಡ್, ಅಂದರೆ ಕರೆಂಟು ಬ್ಯಾಟರಿಯ ನೆಗೆಟಿವ್‌ಗೆ ಹಿಂತಿರುಗುವ ದಾರಿ, ಇರುತ್ತದೆ. 5ರಲ್ಲಿರುವುದು ಬ್ರೇಕ್, ನಡುವಿನ ದುಂಡನೆಯದು ರಿವರ್ಸ್ ದೀಪ. ಟ್ರೇಲರಿನ ಪ್ಲಗ್ಗಿನಲ್ಲಿ ಇದೆಲ್ಲ ಎಡ-ಬಲ ತಿರುಗಿರುತ್ತದೆ. ಎಂಜಿನ್ ಓಡುತ್ತಿತ್ತೋ ಇಲ್ಲವೋ ಎಂಬುದನ್ನೂ ತಿಳಿಸಿಲ್ಲ. ಎಂಜಿನ್ ಓಡುವಾಗ ಟ್ರಕ್ಕಿನ ಬ್ಯಾಟರಿಯ ಮೇಲೆ 14 ಇದ್ದು ಸಾಕೆಟ್ಟಿನಲ್ಲಿ 12.4 ಬಂದರೆ, ದೋಷ ಟ್ರಕ್ಕಿನ ಕಡೆಯದೆಂಬ ಉತ್ತರ ಅಲ್ಲಿಯೇ ಸಿಕ್ಕಿತು.

ಸಾಕೆಟ್ಟಿನಲ್ಲಿ 14 ಬಂದರೂ ಟ್ರಕ್ಕು ಸರಿಯಿದೆಯೆಂದು ನಾನು ಒಪ್ಪುವುದಿಲ್ಲ. ಡಿಜಿಟಲ್ ಮೀಟರಿನ ಒಳ ರೆಸಿಸ್ಟೆನ್ಸ್ ಸಾಮಾನ್ಯವಾಗಿ 10 ಮೆಗಾ ಓಮ್ ಇರುವುದರಿಂದ ಅದು ಎಳೆಯುವ ಕರೆಂಟು ಒಂದೂವರೆ ಮೈಕ್ರೋ ಆಂಪಿಯರ್‌ನಷ್ಟೂ ಇಲ್ಲ. ಕಿಲುಬು ಹಿಡಿದು ಒಂದೇ ಎಳೆಯಲ್ಲಿ ನಿಂತಿರುವ ತಂತಿಯೂ ಅಷ್ಟು ಕರೆಂಟನ್ನು ಏನೂ ಆಗಿಲ್ಲವೆಂಬಂತೆ ದಾಟಿಸಿಬಿಡುತ್ತದೆ. ಅದೇ ಜಾಗದಲ್ಲಿ ಒಂದು ಓಮ್ ಅಡ್ಡಿಯಿದ್ದು, ಟ್ರೇಲರ್ 5 ಆಂಪಿಯರ್ ಕೇಳಿದರೆ 5 ವೋಲ್ಟ್ ಅಲ್ಲೇ ಉರಿದುಹೋಗುತ್ತದೆ. ಫ್ಲೂಕ್ ಮೀಟರ್ ತಂದರೂ ಇದೇ ಕಥೆ. ಮೀಟರಿನ ಬೆಲೆ ಹೆಚ್ಚಿದ್ದರೆ ಅದು ಸೊನ್ನೆ ಕರೆಂಟಿನ ವೋಲ್ಟೇಜನ್ನು ಇನ್ನಷ್ಟು ನಿಖರವಾಗಿ ತೋರಿಸುತ್ತದೆ, ಅಷ್ಟೇ.

ಆದ್ದರಿಂದ ನನ್ನ ಪೆಟ್ಟಿಗೆಯಲ್ಲಿ ಸದಾ ಒಂದು ಹೆಡ್‌ಲೈಟ್ ಬಲ್ಬ್ ಇರುತ್ತದೆ. ಇಲ್ಲಿ ಅಮೆರಿಕದಲ್ಲಿ 9003 ಎಂದು ಸಿಗುವ, ಊರಿನಲ್ಲಿ ನಾವು ಎಚ್-4 ಎಂದು ಕರೆಯುವ ಹ್ಯಾಲೊಜೆನ್ ಬಲ್ಬೇ ಅದು. ಎಲ್ಇಡಿ ಇದಕ್ಕೆ ಪ್ರಯೋಜನವಿಲ್ಲ. ಹೈ ಬೀಮ್, ಲೋ ಬೀಮ್ ಎರಡರ ಟರ್ಮಿನಲ್ಲುಗಳನ್ನೂ ಒಂದೇ ತಂತಿಗೆ ಸೇರಿಸಿ ಬೆಸುಗೆ ಹಾಕಿದರೆ ಎರಡು ಫಿಲಮೆಂಟೂ ಒಟ್ಟಿಗೆ ಹೊತ್ತಿ ಸುಮಾರು 9 ಆಂಪಿಯರ್ ಎಳೆಯುತ್ತವೆ. ಈ ತಂತಿಯನ್ನೂ ಬಲ್ಬಿನ ಗ್ರೌಂಡ್ ತಂತಿಯನ್ನೂ ಸಾಕೆಟ್ಟಿನ ಆಕ್ಸಿಲರಿ ಮತ್ತು ಗ್ರೌಂಡ್ ಬ್ಲೇಡುಗಳಿಗೆ (ಚಪ್ಪಟೆ ಪಿನ್ನುಗಳಿಗೆ) ಕಚ್ಚಿಸಿ, ಎಂಜಿನ್ ಓಡುತ್ತಿರುವಾಗ, ಬಲ್ಬ್ ಉರಿಯುತ್ತಿರುವಾಗಲೇ, ಅವೇ ಬ್ಲೇಡುಗಳ ನಡುವೆ ಮೀಟರ್ ಹಿಡಿಯಬೇಕು. ಟ್ರಕ್ಕಿನ ಬ್ಯಾಟರಿಯ ಮೇಲೆ 14.2 ಇದ್ದಾಗ ಇಲ್ಲಿ 13.5ರ ಆಸುಪಾಸು ಬಂದರೆ ನನಗೆ ಸಮಾಧಾನ. 13ಕ್ಕಿಂತ ಕೆಳಗಿಳಿದರೆ ಹುಡುಕಲು ತೊಡಗುತ್ತೇನೆ. ಬಲ್ಬ್ ಕೆಂಪಗೆ ಮಿಣುಕಿದರೆ ಅಥವಾ ಹೊತ್ತದೇ ಹೋದರೆ, ಬಲ್ಬನ್ನು ಕಿತ್ತ ಮರುಕ್ಷಣವೇ ಮೀಟರ್ 12 ಅಥವಾ 14 ತೋರಿಸುವುದನ್ನು ನೀವೇ ಕಣ್ಣಾರೆ ಕಾಣಬಹುದು. ಉರಿಯುವ ಬಲ್ಬನ್ನು ಬಂಪರಿನ ಪ್ಲಾಸ್ಟಿಕ್ಕಿನ ಮೇಲೆ ಇಡಬೇಡಿ, ಕರಗಿ ಗುಳಿ ಬೀಳುತ್ತದೆ. ಒಂದು ಹಳೆಯ ಸ್ಟೀಲ್ ಲೋಟದಲ್ಲಿಟ್ಟುಕೊಳ್ಳಿ. ತಂತಿಗಳು ಒಂದಕ್ಕೊಂದು ತಗಲದಂತೆ ನೋಡಿಕೊಳ್ಳುವುದು ಹೇಳದೆಯೇ ಗೊತ್ತಿರಬೇಕಾದ ವಿಷಯ.

ವೋಲ್ಟೇಜ್ ಬಿದ್ದಿತು ಎಂದ ಕೂಡಲೇ ಕೆಂಪು ತಂತಿಯ ಹಿಂದೆ ಓಡಬೇಡಿ, ಮೊದಲು ಗ್ರೌಂಡ್ ನೋಡಿ. ಹಳೆಯ ಸ್ಪೀಕರ್ ವೈರನ್ನು ಟ್ರಕ್ಕಿನ ಬ್ಯಾಟರಿಯ ನೆಗೆಟಿವ್‌ಗೆ ಕಚ್ಚಿಸಿ ಹಿಂದಕ್ಕೆ ಎಳೆದು ತಂದು, ಬಲ್ಬ್ ಉರಿಯುತ್ತಿರುವಂತೆಯೇ, ಅದರ ತುದಿಗೂ ಸಾಕೆಟ್ಟಿನ ಗ್ರೌಂಡ್ ಬ್ಲೇಡಿಗೂ ನಡುವೆ ಅಳೆಯಿರಿ. ಅರ್ಧ ವೋಲ್ಟಿಗಿಂತ ಹೆಚ್ಚು ಬಂದರೆ ದೋಷ ಗ್ರೌಂಡಿನದೇ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ನಮ್ಮ ಇಲಿನಾಯ್, ಮಿಷಿಗನ್ ಕಡೆಯ ಟ್ರಕ್ಕುಗಳಲ್ಲಿ, ಗ್ರೌಂಡ್ ತಂತಿಯನ್ನು ಫ್ರೇಮಿಗೆ ಬಿಗಿದ ಬೋಲ್ಟಿನ ಕೆಳಗೆ ತುಕ್ಕಿನ ಪದರ ಉಬ್ಬಿಕೊಂಡು, ತಂತಿಯ ತುದಿಯ ಬಳೆಯಾದ ರಿಂಗ್ ಟರ್ಮಿನಲ್ಲನ್ನು ಕಬ್ಬಿಣದಿಂದ ಮೇಲೆತ್ತಿರುತ್ತದೆ. ಹೊರಗಿನಿಂದ ಬೋಲ್ಟ್ ಬಿಗಿಯಾಗಿಯೇ ಕಾಣುತ್ತದೆ. ಬಿಚ್ಚಿ, ಲೋಹ ಹೊಳೆಯುವವರೆಗೆ ಉಜ್ಜಿ, ಹಲ್ಲುಳ್ಳ ವಾಷರ್ ಹಾಕಿ ಬಿಗಿದು, ಆಮೇಲೆ ಗ್ರೀಸ್ ಬಳಿಯಿರಿ. ಟ್ರೇಲರಿನ ದೀಪಗಳು ಚೆನ್ನಾಗಿಯೇ ಉರಿಯುತ್ತವಲ್ಲ ಎಂದು ವಾದಿಸಬೇಡಿ. ಪ್ಲಗ್ಗಿನ ಗ್ರೌಂಡ್ ಕೈಕೊಟ್ಟಾಗ ಟ್ರೇಲರನ್ನು ಸಿಕ್ಕಿಸುವ ಕಬ್ಬಿಣದ ಗುಂಡಿನ (ಹಿಚ್ ಬಾಲ್) ಮೂಲಕವೇ ಕರೆಂಟು ಹಿಂತಿರುಗಿ ಸಣ್ಣ ದೀಪಗಳು ಹೊತ್ತುತ್ತವೆ. ಬ್ಯಾಟರಿ ತುಂಬಲು ಅಷ್ಟು ಸಾಲದು.

ಗ್ರೌಂಡ್ ಸರಿಯಿದ್ದರೆ ಸಾಕೆಟ್ಟಿನ ಬ್ಲೇಡುಗಳ ಮೇಲಿನ ಹಸಿರು ಕಿಲುಬನ್ನು ಸಣ್ಣ ಅರದಿಂದ ತೆಗೆಯಿರಿ, ಸಾಕೆಟ್ಟಿನ ಬೆನ್ನಿನ ಜೋಡಣೆಯನ್ನೂ ಬಿಚ್ಚಿ ನೋಡಿ. ಡೈಎಲೆಕ್ಟ್ರಿಕ್ ಗ್ರೀಸ್ ನೀರನ್ನು ತಡೆಯುತ್ತದೆಯೇ ಹೊರತು ಕಿಲುಬನ್ನು ಗುಣಪಡಿಸುವುದಿಲ್ಲ. ಉಜ್ಜದೆ ಗ್ರೀಸ್ ತುಂಬುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಹೊಸ ಸಾಕೆಟ್ ಹಾಕುವುದಾದರೆ ಪೊಲಾಕ್ ಕಂಪನಿಯದ್ದು ನನಗೆ ಹಿಡಿಸಿದೆ. ತಂತಿಯ ಸಿಪ್ಪೆ ಸುಲಿಯದೆ ಕಚ್ಚಿ ಹಿಡಿಯುವ ಪ್ಲಾಸ್ಟಿಕ್ ಕ್ಲಿಪ್ಪುಗಳನ್ನು ಮಾತ್ರ ಗಾಡಿಯ ಅಡಿಯಲ್ಲಿ ಬಳಸಲೇಬೇಡಿ. ಒಳಗೆ ಅಂಟು ಇದ್ದು, ಬಿಸಿ ಮಾಡಿದರೆ ಕುಗ್ಗಿ ತಂತಿಯನ್ನು ಬಿಗಿಯುವ ಹೀಟ್ ಶ್ರಿಂಕ್ ಕ್ರಿಂಪುಗಳನ್ನೇ ಹಾಕಿ.

ಬಲ್ಬ್ ಕಿತ್ತಾಗಲೂ ಸಾಕೆಟ್ಟಿನಲ್ಲಿ ಸೊನ್ನೆ ಬಂದರೆ ವಿಷಯ ಬೇರೆ. ನಿಮ್ಮ ಕಾಲದ ಸಿಲ್ವೆರಾಡೊಗಳಲ್ಲಿ ಆಕ್ಸಿಲರಿಯ ತಂತಿಯನ್ನು ಕಾರ್ಖಾನೆಯಲ್ಲಿ ಜೋಡಿಸದೆಯೇ ಬಾನೆಟ್ಟಿನ ಅಡಿಯ ಫ್ಯೂಸ್ ಪೆಟ್ಟಿಗೆಯ ಬಳಿ ಮಡಚಿ ಬಿಟ್ಟಿರುವುದುಂಟು. ಅದನ್ನು ಅಲ್ಲಿರುವ ಸ್ಟಡ್ಡಿಗೆ ಬಿಗಿದು, ಫ್ಯೂಸ್ ಇದೆಯೇ ಎಂದು ನೋಡಬೇಕು. ಹಳೆಯ ಫೋರ್ಡುಗಳಲ್ಲಿ ಇದಕ್ಕೊಂದು ರಿಲೇ ಇರುತ್ತದೆ, ಕೀಲಿ ತಿರುಗಿಸಿದ ಮೇಲೆಯೇ ಪಿನ್ನಿಗೆ ಕರೆಂಟು ಬರುತ್ತದೆ. ಈಚಿನ ಕೆಲವು ಟ್ರಕ್ಕುಗಳು ಟ್ರೇಲರ್ ಸಿಕ್ಕಿಸಿದೆ ಎಂದು ಗುರುತಿಸುವವರೆಗೆ ಪಿನ್ನಿಗೆ ಕರೆಂಟನ್ನೇ ಬಿಡುವುದಿಲ್ಲ, ಆದ್ದರಿಂದ ಹೊಸ ಗಾಡಿಯವರು ನನ್ನ ಬಲ್ಬ್ ಹೊತ್ತಲಿಲ್ಲವೆಂದು ಫ್ಯೂಸ್ ಪೆಟ್ಟಿಗೆ ಬಿಚ್ಚಲು ಹೋಗಬೇಡಿ. ಇನ್ನು, ಮೇಲೆ ಒಬ್ಬರು ದೊಡ್ಡ ಫ್ಯೂಸ್ ಹಾಕಿ ಎಂದು ಬರೆದಿದ್ದಾರೆ. ಸ್ವಾಮಿ, ಫ್ಯೂಸ್ ಇರುವುದು ತಂತಿಯನ್ನು ಕಾಯಲಿಕ್ಕೆ. ಫ್ಯೂಸ್ ಪೆಟ್ಟಿಗೆಯ ಮುಚ್ಚಳದ ಮೇಲೆ ಬರೆದದ್ದಕ್ಕಿಂತ ದೊಡ್ಡದು ಹಾಕಿದರೆ ಮುಂದಿನ ಬಾರಿ ಉರಿಯುವುದು ತಂತಿ.

ಟ್ರೇಲರಿನ ಕಡೆಯಲ್ಲಿ ಎರಡು ವಿಷಯ ನೋಡಿ. ಟ್ರೇಲರುಗಳಲ್ಲಿ ಬ್ಯಾಟರಿಯ ಕಪ್ಪು ತಂತಿ ಪಾಸಿಟಿವ್, ಬಿಳಿಯದು ನೆಗೆಟಿವ್. ಹೊಸ ಬ್ಯಾಟರಿ ಕೂರಿಸುವಾಗ ಕಾರಿನ ಅಭ್ಯಾಸದಿಂದ ಕಪ್ಪನ್ನು ನೆಗೆಟಿವ್‌ಗೆ ಬಿಗಿದು ಫ್ಯೂಸುಗಳನ್ನು ಸುಟ್ಟುಕೊಂಡವರು ಬಹಳ. ನೀವು ಈಗಷ್ಟೇ ಬ್ಯಾಟರಿ ಬದಲಿಸಿರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ. ಎರಡನೆಯದು, ಬ್ಯಾಟರಿಯ ಹತ್ತಿರ ಇರುವ ಸಣ್ಣ ಬ್ರೇಕರ್. ಅದು ತಾನೇ ಬಿದ್ದು ತಾನೇ ಏಳುವ ಜಾತಿಯದ್ದಾದರೆ ನೀವು ನೋಡಲು ಹೋದಾಗಲೆಲ್ಲ ಸರಿಯಾಗಿಯೇ ಇರುತ್ತದೆ.

ಎಲ್ಲವೂ ಸರಿಯಿದ್ದರೂ ಫ್ರಿಜ್ಜನ್ನು 12 ವೋಲ್ಟಿನಲ್ಲಿ ಓಡಿಸುತ್ತಿದ್ದರೆ ಹೆಚ್ಚು ನಿರೀಕ್ಷಿಸಬೇಡಿ. ಹೋಗಿ ಬರುವ ದಾರಿ ಸೇರಿ 90 ಅಡಿ ತಂತಿ ಎಂದಿಟ್ಟುಕೊಳ್ಳಿ. 10 ಗೇಜ್ ದಪ್ಪದ ತಂತಿಗೆ ಸಾವಿರ ಅಡಿಗೆ ಸುಮಾರು ಒಂದು ಓಮ್. 15 ಆಂಪಿಯರ್ ಹರಿದರೆ 1.35 ವೋಲ್ಟ್ ದಾರಿಯಲ್ಲೇ ಹೋಗಿ, 14.2ರಲ್ಲಿ ಟ್ರೇಲರಿಗೆ ಸಿಗುವುದು 12.85. ಗ್ಯಾಸ್, 120 ವೋಲ್ಟ್, 12 ವೋಲ್ಟ್ ಎಂಬ ಮೂರು ವಿಧದಲ್ಲಿ ಓಡುವ ಫ್ರಿಜ್ಜಿನ 12 ವೋಲ್ಟ್ ಎಲಿಮೆಂಟ್ ಒಂದೇ 10-15 ಆಂಪಿಯರ್ ನುಂಗುವುದರಿಂದ ಬ್ಯಾಟರಿಗೆ ಉಳಿಯುವುದು ಅತ್ಯಲ್ಪ. ಮನೆಯಲ್ಲೇ ಪ್ಲಗ್ ಹಾಕಿ ತಂಪು ಮಾಡಿಕೊಂಡು ಹೊರಡಿ. ಲಿಥಿಯಂ ಬ್ಯಾಟರಿಗೆ ಹೋಗುವ ಯೋಚನೆಯಿದ್ದರೆ ನಡುವೆ, ಟ್ರಕ್ಕಿನಿಂದ ಬರುವ ವೋಲ್ಟೇಜನ್ನು ಬ್ಯಾಟರಿಗೆ ಹೊಂದಿಸಿಕೊಡುವ ಡಿಸಿ-ಡಿಸಿ ಚಾರ್ಜರ್ ಬೇಕು. ವಿಕ್ಟ್ರಾನ್ ಕಂಪನಿಯದ್ದು ದುಬಾರಿಯಾದರೂ ನನ್ನ ಮತ ಅದಕ್ಕೇ. ಆದರೆ ಅದು ಎಳೆಯುವ ಕರೆಂಟು ಈ ತಂತಿಗೂ ಫ್ಯೂಸಿಗೂ ಒಗ್ಗುವಂತಿರಬೇಕು.

ಇದನ್ನು ಫ್ರಿಜ್ಜಿನ ತೊಂದರೆಯೆಂದಷ್ಟೇ ತಿಳಿಯಬೇಡಿ. ಟ್ರೇಲರ್ ಕಳಚಿಕೊಂಡರೆ ಬ್ರೇಕ್ ಹಿಡಿಯುವ ಬ್ರೇಕ್‌ಅವೇ ಸ್ವಿಚ್ಚಿಗೆ ಕರೆಂಟು ಕೊಡುವುದೂ ಇದೇ ಬ್ಯಾಟರಿ. ಹಾಗೆಯೇ, ನಿಮ್ಮ ಗಾಡಿಯಲ್ಲಿ ಕೀಲಿ ತೆಗೆದ ಮೇಲೂ ಆ ಪಿನ್ನಿನಲ್ಲಿ ಕರೆಂಟು ಉಳಿಯುತ್ತದೆಯೇ ಎಂದು ಬಲ್ಬ್ ಹಿಡಿದು ನೋಡಿ; ಉಳಿಯುವುದಾದರೆ ಕ್ಯಾಂಪ್ ಸೇರಿದ ಕೂಡಲೇ ಪ್ಲಗ್ ಕಿತ್ತಿಡಿ, ಇಲ್ಲವಾದರೆ ಬೆಳಗಾಗುವಷ್ಟರಲ್ಲಿ ಟ್ರಕ್ಕೂ ಸ್ಟಾರ್ಟ್ ಆಗುವುದಿಲ್ಲ.