ಪುಹೋಲ್ಸ್‌ಗೆ ಕೊಟ್ಟ ದುಡ್ಡು ಯಾವುದರ ಬಾಕಿ?

ಓದುಗರ ಪತ್ರ: ಕ್ಯಾಲಿಫೋರ್ನಿಯಾದ ಅನಾಹೈಮ್ ಹತ್ತಿರ ಇರುವ ಓದುಗರೊಬ್ಬರು ಹೀಗೆ ಬರೆದಿದ್ದಾರೆ. “ನಾನು, ನನ್ನ ಮಗ ಇಬ್ಬರೂ ಏಂಜಲ್ಸ್ ಬೇಸ್‌ಬಾಲ್ ತಂಡದ ಅಭಿಮಾನಿಗಳು. ಮೊದಲು ಆಲ್ಬರ್ಟ್ ಪುಹೋಲ್ಸ್, ಆಮೇಲೆ ಆಂಥನಿ ರೆಂಡಾನ್. ಇಬ್ಬರಿಗೂ ಕೋಟಿಗಟ್ಟಲೆ ಡಾಲರ್ ಸುರಿದರು. ಅಭಿಮಾನಿಗಳಿಗೆ ಸಿಕ್ಕಿದ್ದೇನು? ಐಪಿಎಲ್‌ನಲ್ಲಿರುವ ಹಾಗೆ ಒಪ್ಪಂದವನ್ನು ಮೂರು ವರ್ಷಕ್ಕೆ ನಿಲ್ಲಿಸಬಾರದೇ? ಆಡದವನಿಗೆ ಸಂಬಳ ಯಾಕೆ?”

ಸಂಪಾದಕರ ಉತ್ತರ:

ನಿಮ್ಮ ಸಿಟ್ಟು ನ್ಯಾಯವಾದದ್ದೇ. ರೆಂಡಾನ್ 2019ರಲ್ಲಿ ವಾಷಿಂಗ್ಟನ್ ನ್ಯಾಷನಲ್ಸ್ ಪರ ವರ್ಲ್ಡ್ ಸೀರೀಸ್, ಅಂದರೆ ಲೀಗ್‌ನ ಫೈನಲ್ ಸರಣಿ, ಗೆದ್ದರು. ಅದೇ ಡಿಸೆಂಬರ್‌ನಲ್ಲಿ ಏಂಜಲ್ಸ್ ಅವರಿಗೆ ಏಳು ವರ್ಷಕ್ಕೆ 24.5 ಕೋಟಿ ಡಾಲರ್ ಕೊಡಲು ಒಪ್ಪಿತು. ಒಂದು ಸೀಸನ್ ಅಂದರೆ 162 ಪಂದ್ಯ. ರೆಂಡಾನ್ ಏಂಜಲ್ಸ್‌ನಲ್ಲಿ ಯಾವ ವರ್ಷವೂ 60 ಪಂದ್ಯ ಮುಟ್ಟಲಿಲ್ಲ. (2020ರಲ್ಲಿ ಕೋವಿಡ್‌ನಿಂದಾಗಿ ನಡೆದದ್ದೇ 60 ಪಂದ್ಯ, ಆ ವರ್ಷ ಬಿಟ್ಟುಬಿಡೋಣ.) 2025ರಲ್ಲಂತೂ ಒಂದೂ ಆಡಲಿಲ್ಲ. ಗಾಯದ ಮೇಲೆ ಗಾಯ. ಬೇಸ್‌ಬಾಲ್ ಒಪ್ಪಂದದಲ್ಲಿ ಗಾಯವಾದರೂ ಸಂಬಳ ನಿಲ್ಲುವುದಿಲ್ಲ.

ಆದರೂ ಮೂರು ವರ್ಷದ ಮಿತಿ ಹಾಕಬೇಕು ಅನ್ನುವ ನಿಮ್ಮ ಮಾತನ್ನು ನಾನು ಒಪ್ಪುವುದಿಲ್ಲ. ಯಾಕೆ ಅಂತ ಹೇಳಲು ಪುಹೋಲ್ಸ್ ಕಥೆಯನ್ನು ಮೊದಲಿನಿಂದ ನೋಡಬೇಕು. ನೀವು ನೋಡಿದ್ದು ಅದರ ಎರಡನೇ ಅರ್ಧ.

ಮೊದಲ ಅರ್ಧ ನಡೆದದ್ದು ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡದಲ್ಲಿ. 2001ರಲ್ಲಿ ಅವರು ಹೊಸ ಹುಡುಗ. ಆ ವರ್ಷ 37 ಹೋಮ್ ರನ್ (ಚೆಂಡು ಅಂಗಳದಾಚೆ ಹೋಗುವ ಹೊಡೆತ) ಹೊಡೆದರು, ತಂಡಕ್ಕೆ 130 ರನ್ ತಂದುಕೊಟ್ಟರು. ಸಂಬಳ 2 ಲಕ್ಷ ಡಾಲರ್, ಲೀಗ್‌ನಲ್ಲಿ ಆಗ ಎಲ್ಲರಿಗಿಂತ ಕಡಿಮೆ ಎಂದು ನಿಗದಿಯಾಗಿದ್ದ ಮೊತ್ತ. 2004ರಲ್ಲಿ ಏಳು ವರ್ಷಕ್ಕೆ 10 ಕೋಟಿ ಡಾಲರ್ ಒಪ್ಪಂದವಾಯಿತು. 2011ರವರೆಗೆ ಕಾರ್ಡಿನಲ್ಸ್‌ಗೆ ಏನೇನು ಸಿಕ್ಕಿತು ನೋಡಿ: ಮೂರು ಸಲ ಲೀಗ್‌ನ ಶ್ರೇಷ್ಠ ಆಟಗಾರ ಪ್ರಶಸ್ತಿ, 2006 ಮತ್ತು 2011ರಲ್ಲಿ ಎರಡು ವರ್ಲ್ಡ್ ಸೀರೀಸ್. 2011ರ ಫೈನಲ್‌ನ ಮೂರನೇ ಪಂದ್ಯದಲ್ಲಿ, ಅದೂ ಎದುರಾಳಿ ಟೆಕ್ಸಸ್ ರೇಂಜರ್ಸ್‌ನ ಅಂಗಳದಲ್ಲಿ, ಒಂದೇ ರಾತ್ರಿ ಮೂರು ಹೋಮ್ ರನ್ ಬಾರಿಸಿದರು.

ಅದಾಗಿ ಎರಡು ತಿಂಗಳೊಳಗೆ ನಿಮ್ಮ ಏಂಜಲ್ಸ್ ಹತ್ತು ವರ್ಷಕ್ಕೆ 24 ಕೋಟಿ ಡಾಲರ್ ಕೊಟ್ಟು ಅವರನ್ನು ಕರೆತಂದಿತು. ಆಗ ಅವರಿಗೆ 31 ವರ್ಷ. 2012ರ ಏಪ್ರಿಲ್ ಪೂರ್ತಿ ಒಂದೂ ಹೋಮ್ ರನ್ ಬರಲಿಲ್ಲ, ಮೊದಲನೆಯದು ಬಂದದ್ದು ಮೇ 6ಕ್ಕೆ. ಮರುವರ್ಷ ಕಾಲುನೋವಿನಿಂದ 99 ಪಂದ್ಯಕ್ಕೇ ಸೀಸನ್ ಮುಗಿಯಿತು. ಒಪ್ಪಂದ ಬರೆದ ರೀತಿಯನ್ನೂ ಗಮನಿಸಿ. ಮೊದಲ ವರ್ಷ 1.2 ಕೋಟಿ ಡಾಲರ್, ಕೊನೆಯ ವರ್ಷ 3 ಕೋಟಿ. ಆಟ ಇಳಿಯುತ್ತಾ ಹೋದ ಹಾಗೆ ಸಂಬಳ ಏರುತ್ತಾ ಹೋಯಿತು. ಆ 3 ಕೋಟಿಯ ವರ್ಷ, 2021ರ ಮೇ ತಿಂಗಳಲ್ಲಿ, ತಂಡವೇ ಅವರನ್ನು ಕೈಬಿಟ್ಟಿತು. ಇಷ್ಟೂ ಕಾಲದಲ್ಲಿ ಏಂಜಲ್ಸ್ ಪ್ಲೇಆಫ್ ಮುಟ್ಟಿದ್ದು 2014ರಲ್ಲಿ ಒಂದೇ ಸಲ. ಆಗಲೂ ಕಾನ್ಸಾಸ್ ಸಿಟಿ ಎದುರು ಮೂರಕ್ಕೆ ಮೂರೂ ಸೋತು ಹೊರಬಿತ್ತು.

ಪುಹೋಲ್ಸ್ ಹೋದದ್ದಕ್ಕೆ ಪರಿಹಾರವಾಗಿ ಡ್ರಾಫ್ಟ್‌ನಲ್ಲಿ, ಅಂದರೆ ಹೊಸ ಹುಡುಗರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವಾಗ, ಏಂಜಲ್ಸ್‌ನ ಒಂದು ಸರದಿ ಕಾರ್ಡಿನಲ್ಸ್ ಪಾಲಾಯಿತು. ಆ ಸರದಿಯಲ್ಲಿ ಅವರು ಆರಿಸಿಕೊಂಡದ್ದು ಮೈಕಲ್ ವಾಕಾ ಅನ್ನುವ ಪಿಚರ್‌ನನ್ನು, ಅಂದರೆ ಚೆಂಡೆಸೆಯುವವನನ್ನು. ಮರುವರ್ಷವೇ ಆ ಹುಡುಗ ಕಾರ್ಡಿನಲ್ಸ್ ತಂಡವನ್ನು ವರ್ಲ್ಡ್ ಸೀರೀಸ್‌ಗೆ ಮುಟ್ಟಿಸಿದ. ಹೊಟ್ಟೆ ಉರಿಯುತ್ತೆ, ಅಲ್ವಾ?

ಆದರೆ ಇದರಲ್ಲಿ ಪುಹೋಲ್ಸ್ ತಪ್ಪೇನು? ಒಳ್ಳೆಯ ವಯಸ್ಸಿನಲ್ಲಿ ದುಡಿಸಿಕೊಂಡದ್ದು ಒಂದು ತಂಡ, ಬಾಕಿ ತೀರಿಸಿದ್ದು ಇನ್ನೊಂದು ತಂಡ. ಎಡವಟ್ಟು ಇರುವುದು ಅಲ್ಲಿ.

ಈ ಎಡವಟ್ಟನ್ನು ನಿಯಮವೇ ಮಾಡಿಟ್ಟಿದೆ. ಈ ತಂಡಗಳೆಲ್ಲ ಆಡುವ ಮೇಜರ್ ಲೀಗ್‌ನಲ್ಲಿ ಆರು ವರ್ಷ ಆಡುವವರೆಗೆ ಆಟಗಾರ ಒಂದೇ ತಂಡದ ಸೊತ್ತು. ಮೊದಲ ಮೂರು ವರ್ಷದಷ್ಟು ಕಾಲ ತಂಡ ಕೊಟ್ಟಷ್ಟೇ ಸಂಬಳ. ಆರು ತುಂಬಿದ ಮೇಲಷ್ಟೇ ಫ್ರೀ ಏಜೆಂಟ್, ಅಂದರೆ ಬೇಕಾದ ತಂಡದ ಜತೆ ಮಾತಾಡುವ ಸ್ವಾತಂತ್ರ್ಯ. ಅಷ್ಟು ಹಕ್ಕು ಕೂಡ ಸುಮ್ನೆ ಬಂದದ್ದಲ್ಲ. ಮೊದಲು ತಂಡಗಳು ಆಟಗಾರನನ್ನು ಜೀವನಪೂರ್ತಿ ಕಟ್ಟಿಹಾಕಬಹುದಿತ್ತು. ಕರ್ಟ್ ಫ್ಲಡ್ ಅದರ ವಿರುದ್ಧ ಸುಪ್ರೀಂ ಕೋರ್ಟ್‌ವರೆಗೆ ಹೋಗಿ 1972ರಲ್ಲಿ ಸೋತರು. ಬಾಗಿಲು ತೆರೆದದ್ದು 1975ರ ಕೊನೆಯಲ್ಲಿ, ಬೇರೆ ಇಬ್ಬರು ಆಟಗಾರರ ಪ್ರಕರಣದಲ್ಲಿ. ಅಷ್ಟರಲ್ಲಿ ಫ್ಲಡ್ ಅವರ ಆಟದ ಬದುಕು ಮುಗಿದಿತ್ತು.

ಸಾಮಾನ್ಯ ಆಟಗಾರ ಮೇಜರ್ ಲೀಗ್‌ಗೆ ಬರುವುದು 23, 24ರ ವಯಸ್ಸಿಗೆ. ಆರು ಸೇರಿಸಿ. ಮೂವತ್ತು ಬಂದೇಬಿಟ್ಟಿತು. ನಿಮ್ಮ ತಂಡದ ಮೈಕ್ ಟ್ರೌಟ್ 2012ರಲ್ಲಿ ಇಡೀ ಅಮೆರಿಕ ಬೆರಗಾಗುವಂತೆ ಆಡಿದ. ಮರುವರ್ಷ ಅವನ ಸಂಬಳ 5.1 ಲಕ್ಷ ಡಾಲರ್. ಅದೇ ವರ್ಷ ಕುಂಟುತ್ತಿದ್ದ ಪುಹೋಲ್ಸ್‌ಗೆ 1.6 ಕೋಟಿ. ಇಬ್ಬರೂ ಒಂದೇ ಡ್ರೆಸಿಂಗ್ ರೂಮಿನಲ್ಲಿದ್ದವರು.

ಐಪಿಎಲ್ ಹೋಲಿಕೆ ಇಲ್ಲೇ ಎಡವುತ್ತದೆ. ಅಲ್ಲಿ ತಂಡದ ಖರ್ಚಿಗೆ ಮಿತಿ ಇದೆ, ನಿಜ. 2025ರ ಮೆಗಾ ಹರಾಜಿನಲ್ಲಿ ಅದು 120 ಕೋಟಿ ರೂಪಾಯಿ. ಆದರೆ ಅದೇ ಹರಾಜಿನಲ್ಲಿ 13 ವರ್ಷದ ವೈಭವ್ ಸೂರ್ಯವಂಶಿಗೂ 1.1 ಕೋಟಿ ರೂಪಾಯಿ ಸಿಕ್ಕಿತು. ಎಳೆಯರಿಗೂ ಮೊದಲ ದಿನವೇ ಮಾರುಕಟ್ಟೆ ಬೆಲೆ. ಬೇಸ್‌ಬಾಲ್‌ನಲ್ಲಿ ಎಳೆಯರನ್ನು ಆರು ವರ್ಷ ಕಟ್ಟಿಹಾಕಿ, ಆಮೇಲೂ ಮೂರೇ ವರ್ಷ ಅಂದರೆ ಅವರು ಗಳಿಸುವುದು ಯಾವಾಗ?

ಹಾಗಂತ ತಂಡಗಳು ಕಣ್ಣುಮುಚ್ಚಿ ಸಹಿ ಹಾಕಲಿ ಎನ್ನುತ್ತಿಲ್ಲ. ನಾನು ಮೊದಲು ನೋಡುವುದು ವಯಸ್ಸು. ಬ್ರೈಸ್ ಹಾರ್ಪರ್ 19ಕ್ಕೇ ಲೀಗ್‌ಗೆ ಬಂದವರು, ಹಾಗಾಗಿ 26ಕ್ಕೇ ಫ್ರೀ ಏಜೆಂಟ್ ಆದರು. 2019ರಲ್ಲಿ ಫಿಲಡೆಲ್ಫಿಯಾ ಫಿಲೀಸ್ 13 ವರ್ಷಕ್ಕೆ 33 ಕೋಟಿ ಡಾಲರ್ ಕೊಟ್ಟಿತು. ಮೊತ್ತ ಕೇಳಿದರೆ ತಲೆ ತಿರುಗುತ್ತದೆ. ಆದರೆ ಸಂಬಳ ಜಾಸ್ತಿಯಾದ ತಂಡಕ್ಕೆ ಲೀಗ್ ತೆರಿಗೆ ಹಾಕುವಾಗ ನೋಡುವುದು ವರ್ಷದ ಸರಾಸರಿಯನ್ನು. 13ಕ್ಕೆ ಹಂಚಿದರೆ ಅದು 2.54 ಕೋಟಿಗೆ ಇಳಿಯುತ್ತದೆ, ಉಳಿದ ಆಟಗಾರರಿಗೆ ದುಡ್ಡು ಮಿಗುತ್ತದೆ. ಉದ್ದದ ಒಪ್ಪಂದಕ್ಕೆ ತಂಡಗಳೂ ಒಪ್ಪುವುದು ಇದಕ್ಕೇ. 2022ರ ಅಕ್ಟೋಬರ್‌ನಲ್ಲಿ, ಮಳೆ ಬೀಳುತ್ತಿದ್ದಾಗ, ಎಂಟನೇ ಇನ್ನಿಂಗ್ಸ್‌ನಲ್ಲಿ ಸ್ಯಾನ್ ಡಿಯಾಗೋ ವಿರುದ್ಧ ಒಂದು ರನ್ ಹಿಂದಿದ್ದ ತಂಡವನ್ನು ಅವರ ಒಂದೇ ಹೊಡೆತ ವರ್ಲ್ಡ್ ಸೀರೀಸ್‌ಗೆ ಕರೆದೊಯ್ದಿತು. ಆ ರಾತ್ರಿ ಫಿಲಡೆಲ್ಫಿಯಾದಲ್ಲಿ 33 ಕೋಟಿ ಜಾಸ್ತಿಯಾಯಿತು ಅಂತ ಯಾರೂ ಹೇಳಿರಲಾರರು.

ನ್ಯೂಯಾರ್ಕ್ ಮೆಟ್ಸ್ ಹುವಾನ್ ಸೋಟೋಗೆ 15 ವರ್ಷಕ್ಕೆ 76.5 ಕೋಟಿ ಡಾಲರ್ ಕೊಟ್ಟಾಗ ಅವರಿಗೂ 26. ಮೊದಲ ವರ್ಷ 43 ಹೋಮ್ ರನ್ ಹೊಡೆದರು, ತಂಡ ಮಾತ್ರ ಪ್ಲೇಆಫ್ ಮುಟ್ಟಲಿಲ್ಲ. ಒಬ್ಬರನ್ನು ಕೊಂಡರೆ ತಂಡ ಕಟ್ಟಿದಂತಾಗುವುದಿಲ್ಲ. ಹಾರ್ಪರ್ ಬಿಟ್ಟುಹೋದ ವರ್ಷವೇ ನ್ಯಾಷನಲ್ಸ್ ಚಾಂಪಿಯನ್ ಆಗಿತ್ತು.

ಪಿಚರ್‌ಗಳ ವಿಷಯದಲ್ಲಿ ನಾನು ಇನ್ನೂ ಬಿಗಿ. ಮೂವತ್ತು ದಾಟಿದ ತೋಳಿಗೆ ಏಳು ವರ್ಷ ಕೊಡುವುದು ದೊಡ್ಡ ಜೂಜು. ಮ್ಯಾಕ್ಸ್ ಷರ್ಜರ್ ವಿಷಯದಲ್ಲಿ ನ್ಯಾಷನಲ್ಸ್ ಆ ಜೂಜು ಗೆದ್ದಿತು. ಸ್ಟೀಫನ್ ಸ್ಟ್ರಾಸ್‌ಬರ್ಗ್ ವಿಷಯದಲ್ಲಿ ಸೋತಿತು: 24.5 ಕೋಟಿ ಡಾಲರ್, ಆಮೇಲೆ ಬರೀ ಎಂಟು ಪಂದ್ಯ. ಆದರೆ ಆಡದವನಿಗೆ ಸಂಬಳ ಯಾಕೆ ಎಂಬ ನಿಮ್ಮ ಪ್ರಶ್ನೆಗೆ ಉತ್ತರವೂ ಅವರೇ. ಆ ಒಪ್ಪಂದಕ್ಕೆ ಸ್ವಲ್ಪ ಮುಂಚೆ, 2019ರ ಪ್ಲೇಆಫ್‌ನಲ್ಲಿ, ಅವರು ಐದು ಪಂದ್ಯ ಗೆದ್ದುಕೊಟ್ಟರು, ಒಂದೂ ಸೋಲಲಿಲ್ಲ. ಆ ತೋಳು ಸವೆದದ್ದು ತಂಡಕ್ಕಾಗಿಯೇ. ಅದು ಕೈಕೊಟ್ಟ ದಿನ ಸಂಬಳ ನಿಲ್ಲಿಸುವುದು ನನಗೆ ಸರಿ ಕಾಣುವುದಿಲ್ಲ.

ಆಟಗಾರರ ಸಂಘ ಮತ್ತು ಮಾಲೀಕರ ನಡುವಿನ ಈಗಿನ ಒಪ್ಪಂದ 2026ರ ಡಿಸೆಂಬರ್ 1ಕ್ಕೆ ಮುಗಿಯುತ್ತದೆ. ಸಂಬಳಕ್ಕೆ ಮಿತಿ ಹಾಕುವ ಮಾತು ಮತ್ತೆ ಎದ್ದಿದೆ. ಮಿತಿ ಕೇಳುವವರು ಆ ಆರು ವರ್ಷವನ್ನು ನಾಲ್ಕಕ್ಕೆ ಇಳಿಸಲು ಒಪ್ಪುತ್ತಾರೆಯೇ? ಒಪ್ಪಿದರೆ ರೆಂಡಾನ್‌ನಂಥವರು 27ಕ್ಕೇ ಮಾರುಕಟ್ಟೆಗೆ ಬರುತ್ತಾರೆ, ಚೆನ್ನಾಗಿ ಆಡುವಾಗಲೇ ಚೆನ್ನಾಗಿ ಗಳಿಸುತ್ತಾರೆ. ಆಗ ನಲವತ್ತರವರೆಗಿನ ಒಪ್ಪಂದ ಬೇಡ ಅನ್ನಲು ನಾನೂ ನಿಮ್ಮ ಜತೆ ನಿಲ್ಲುತ್ತೇನೆ.

— ಸಂಪಾದಕ